ಅರ್ಧ ಗಂಟೆಗೊಂದು ಕಬ್ಬಿಣದ ಕಮಾನು

ಕುಕ್ಕರಿನ ಗ್ಯಾಸ್ಕೆಟ್ ಕೊಳ್ಳಲು ಹಿಡಿದದ್ದು 17 ನಿಮಿಷ. ಪುಣೆಯ ಲಕ್ಷ್ಮಿ ರಸ್ತೆಗೆ ಅಂಟಿಕೊಂಡ ಒಂದು ಓಣಿಯಲ್ಲಿ ಸೈಕಲ್ಲನ್ನು ಗೋಡೆಗೆ ಒರಗಿಸಿ, ಹಿಂಚಕ್ರದ ಬೀಗ ಒತ್ತಿ, ಕೀಲಿಯನ್ನು ಜೇಬಿಗೆ ಹಾಕಿಕೊಂಡು ಹೋಗಿದ್ದೆ. ಮರಳಿದಾಗ ಸೈಕಲ್ ಇತ್ತು, ಸೀಟು ಇರಲಿಲ್ಲ. ಕೋಥ್ರೂಡಿನ ಮನೆಯವರೆಗೆ ಸುಮಾರು ಐದು ಕಿಲೋಮೀಟರು ನಿಂತುಕೊಂಡೇ ತುಳಿದೆ. ಡೆಕ್ಕನ್ ಸಿಗ್ನಲ್ಲಿನಲ್ಲಿ ಪಕ್ಕಕ್ಕೆ ಬಂದ ರಿಕ್ಷಾದವನೊಬ್ಬ ನನ್ನ ಭಂಗಿ ನೋಡಿ, ‘ಕಾಕಾ, ಅಷ್ಟೇನು ಅವಸರ?’ ಎಂದು ಮರಾಠಿಯಲ್ಲಿ ಛೇಡಿಸಿದ. ಮರುಕ್ಷಣ ಸೀಟಿಲ್ಲದ ಬರಿಗೊಳವೆ ಕಣ್ಣಿಗೆ ಬಿದ್ದು ನಾಲಿಗೆ ಕಚ್ಚಿಕೊಂಡ.

ಬೀಗದ ಮೇಲೆ ತಪ್ಪು ಹೊರಿಸುವಂತಿರಲಿಲ್ಲ. ಹಿಂಚಕ್ರ ತಿರುಗಬಾರದು ಎಂಬುದಷ್ಟೇ ಅದರ ಕೆಲಸ, ಚಕ್ರ ತಿರುಗಿರಲಿಲ್ಲ. ಆ ದಿನದಿಂದ ಸೈಕಲ್ ನಿಲ್ಲಿಸುವುದೆಂಬ ಸಣ್ಣ ವಿಷಯ ನನ್ನ ತಲೆಯಲ್ಲಿ ಕೂತುಬಿಟ್ಟಿದೆ. ಅದರೊಳಗೆ ಲೋಹದ ಲೆಕ್ಕವಿದೆ, ಗಡಿಯಾರದ ಲೆಕ್ಕವಿದೆ, 1872ರ ಒಂದು ಕಾಯಿದೆಯೂ ಇದೆ.

ಮೊದಲು ಗಡಿಯಾರ. ‘ಸೈಕಲ್ ನಿಲುಗಡೆ’ ಎಂದು ನಾವು ಒಂದೇ ಹೆಸರಿನಲ್ಲಿ ಕರೆಯುವುದು ನಿಜವಾಗಿ ಮೂರು ಬೇರೆ ಬೇರೆ ಸಂಗತಿಗಳು. ರಾತ್ರಿ ಮನೆಯಲ್ಲಿ ನಿಲ್ಲುವ ಸೈಕಲ್ ಒಂದು. ಬೆಳಿಗ್ಗೆ ಎಂಟಕ್ಕೆ ಸ್ವಾರಗೇಟಿನ ಮೆಟ್ರೊ ನಿಲ್ದಾಣದಲ್ಲೋ ಕಚೇರಿಯಲ್ಲೋ ಬಿಟ್ಟು ಸಂಜೆ ಏಳಕ್ಕೆ ಎತ್ತಿಕೊಳ್ಳುವ ಸೈಕಲ್ ಎರಡನೆಯದು. ಔಷಧ, ಪುಸ್ತಕ, ತರಕಾರಿ, ಬ್ಯಾಂಕಿನ ಒಂದು ಸಹಿ ಎಂದು ಹದಿನೈದು ನಿಮಿಷದಿಂದ ಗಂಟೆ ಎರಡು ಗಂಟೆ ನಿಲ್ಲುವುದು ಮೂರನೆಯದು. ಮೂರಕ್ಕೂ ಬೇಕಾದುದು ಬೇರೆ. ಹನ್ನೊಂದು ಗಂಟೆ ಸೈಕಲ್ ಬಿಡುವವನು ಮಳೆಗೆ ಮಾಡು ಕೇಳುತ್ತಾನೆ, ಕಾವಲು ಕೇಳುತ್ತಾನೆ. ಅದಕ್ಕಾಗಿ ಮೂರು ನಿಮಿಷ ನಡೆಯಲು ಅವನ ತಕರಾರಿಲ್ಲ. ಹದಿನೈದು ನಿಮಿಷದವನಿಗೆ ಮಾಡು ಬೇಡ, ಅಂಗಡಿಯ ಬಾಗಿಲು ಬೇಕು.

ಯಾಕೆಂದು ಲೆಕ್ಕ ಹಾಕಿ ನೋಡಿ. ಮೂರು ಕಿಲೋಮೀಟರ್ ದೂರವನ್ನು ಗಂಟೆಗೆ 15 ಕಿಲೋಮೀಟರ್ ವೇಗದಲ್ಲಿ ತುಳಿದರೆ 12 ನಿಮಿಷ. ನಡೆಯುವವನು ನಿಮಿಷಕ್ಕೆ ಸುಮಾರು 80 ಮೀಟರ್ ಸಾಗುತ್ತಾನೆ. ಸೈಕಲ್ ಸ್ಟ್ಯಾಂಡು ಅಂಗಡಿಯಿಂದ 400 ಮೀಟರ್ ದೂರವಿದ್ದರೆ ಹೋಗಲು ಐದು ನಿಮಿಷ, ಬರಲು ಐದು ನಿಮಿಷ. ಹೋಗಿಬರುವ 24 ನಿಮಿಷದ ದಾರಿ 34 ನಿಮಿಷವಾಯಿತು. ಸ್ಕೂಟರಿನವನು ಬಾಗಿಲ ಮುಂದೆಯೇ ಇಳಿಯುತ್ತಾನೆ. ಮರುದಿನ ನಾನೂ ಸ್ಕೂಟರನ್ನೇ ಹೊರಡಿಸುತ್ತೇನೆ, ಅಥವಾ ಸೈಕಲ್ಲನ್ನು ಅಂಗಡಿಯ ಪಕ್ಕದ ದೀಪದ ಕಂಬಕ್ಕೆ ಕಟ್ಟುತ್ತೇನೆ. ಅಲ್ಪಾವಧಿಯ ಸ್ಟ್ಯಾಂಡು ಗುರಿಯಿಂದ 15 ಮೀಟರಿನೊಳಗೆ ಇರಬೇಕೆಂದು ಲಂಡನ್ನಿನ ವಿನ್ಯಾಸ ಕೈಪಿಡಿ ಹೇಳುವುದು ಇದೇ ಕಾರಣಕ್ಕೆ. ನಮ್ಮ ಕಡೆಯ ಯೋಜನೆಗಳು ಎಡವುವುದೂ ಇಲ್ಲಿಯೇ. ಎಲ್ಲೋ ಒಂದು ಮೂಲೆಯಲ್ಲಿ ಖಾಲಿ ಜಾಗ ಸಿಕ್ಕಿತೆಂದು ಇನ್ನೂರು ಸೈಕಲ್ಲಿನ ಶೆಡ್ಡು ಕಟ್ಟಿ, ಅದು ಖಾಲಿ ಹೊಡೆದಾಗ ‘ನೋಡಿ, ಸೈಕಲ್ ತುಳಿಯುವವರೇ ಇಲ್ಲ’ ಎನ್ನುತ್ತಾರೆ.

ಇನ್ನೊಂದು ಲೆಕ್ಕವೂ ಗಡಿಯಾರದ್ದೇ. ಎರಡು ಸೈಕಲ್ ಹಿಡಿಯುವ ಒಂದು ಸ್ಟ್ಯಾಂಡಿದೆ ಎನ್ನಿ. ಅಂಗಡಿಗಳು ಹತ್ತು ಗಂಟೆ ತೆರೆದಿರುತ್ತವೆ. ಒಬ್ಬೊಬ್ಬರೂ 45 ನಿಮಿಷ ನಿಂತರೆ ದಿನಕ್ಕೆ 26 ಮಂದಿಗೆ ಜಾಗವಾಗುತ್ತದೆ. ಅದೇ ಸ್ಟ್ಯಾಂಡಿಗೆ ಬೆಳಿಗ್ಗೆ ಇಬ್ಬರು ನೌಕರರು ಸೈಕಲ್ ಕಟ್ಟಿ ಸಂಜೆ ಬಿಚ್ಚಿದರೆ ಇಬ್ಬರಿಗೆ ಮಾತ್ರ. ಹಾಗಾಗಿ ಬಾಗಿಲ ಮುಂದಿನ ಜಾಗ ಬೇಗ ಬಂದು ಬೇಗ ಹೋಗುವವರಿಗೆ ಸಲ್ಲಬೇಕು, ದಿನಪೂರ್ತಿಯವರಿಗೆ ಸ್ವಲ್ಪ ದೂರದಲ್ಲಿ, ಆದರೆ ಗಟ್ಟಿಯಾದ ಏರ್ಪಾಡು ಬೇಕು. ಟೈರು ಬಿರುಕು ಬಿಟ್ಟು ತಿಂಗಳುಗಟ್ಟಲೆ ಅಲುಗಾಡದೆ ನಿಂತ ಸೈಕಲ್ಲುಗಳನ್ನು ಯಾರಾದರೂ ಎತ್ತಲೇಬೇಕು. ಡಚ್ ನಗರಗಳಲ್ಲಿ ಅಂಥ ಸೈಕಲ್ಲಿಗೆ ಪಾಲಿಕೆಯವರು ಒಂದು ಚೀಟಿ ಕಟ್ಟಿ ಹೋಗುತ್ತಾರೆ. ಗಡುವು ಮುಗಿದರೂ ಚೀಟಿ ಹರಿಯದಿದ್ದರೆ ಗಾಡಿಗೆ ಹೇರಿಕೊಂಡು ಹೋಗುತ್ತಾರೆ. ನಮ್ಮಲ್ಲಿ ಅದನ್ನು ಎತ್ತುವುದು ಗುಜರಿಯವನು. ಅವನೂ ಎಲ್ಲ ಸಲ ಗಡುವು ಕೊಡುವುದಿಲ್ಲ.

ಈಗ ಕಳ್ಳತನದ ಕಡೆ ಬರೋಣ. ನಾವು ನೀವು ಬಾಲ್ಯದಿಂದ ಕಂಡ ಹಿಂಚಕ್ರದ ಬೀಗ ಸೈಕಲ್ಲನ್ನು ಸೈಕಲ್ಲಿಗೇ ಕಟ್ಟುತ್ತದೆ, ನೆಲಕ್ಕೆ ಕಟ್ಟುವುದಿಲ್ಲ. ಇಪ್ಪತ್ತು ಕಿಲೋ ತೂಗುವ ಕರಿ ಸೈಕಲ್ಲಿನ ಕಾಲಕ್ಕೆ ಅದು ಸಾಕಾಗಿತ್ತು. ಈಗಿನ ಸೈಕಲ್ಲುಗಳಲ್ಲಿ ಹನ್ನೆರಡು ಹದಿಮೂರು ಕಿಲೋದವೂ ಇವೆ. ಒಂದು ಅಕ್ಕಿಚೀಲಕ್ಕಿಂತ ಹಗುರ. ಎತ್ತಿ ಟೆಂಪೊಗೆ ಹಾಕಿದರೆ ಬೀಗವೂ ಜೊತೆಗೆ ಹೋಗುತ್ತದೆ.

ಹಾಗೆಂದು ಅಂಗಡಿಯಲ್ಲಿ ಸಿಗುವ ತೆಳುವಾದ ತಂತಿಬೀಗ ಹಾಕಿದರೆ ನಿಶ್ಚಿಂತೆಯೇ? ಬಣ್ಣದ ಪ್ಲಾಸ್ಟಿಕ್ಕಿನೊಳಗೆ ಬೆರಳುಗಾತ್ರ ಕಾಣುವ ಆ ತಂತಿಯ ಅಸಲು ದಪ್ಪ ಬಹಳ ಕಡಿಮೆ. ಒಂದು ಕಟ್ಟರಿಗೆ ಕೆಲವೇ ಸೆಕೆಂಡುಗಳ ಕೆಲಸ. ಗಟ್ಟಿಯಾದ ಸರಪಳಿ, ಉಕ್ಕಿನ ಡಿ ಆಕಾರದ ಬೀಗ ಇವು ಮೇಲು. ಲೋಹ ಕೊಯ್ಯುವ ಬ್ಯಾಟರಿಯ ಗ್ರೈಂಡರ್ ಹಿಡಿದು ಬಂದವನ ಮುಂದೆ ಅವುಗಳಲ್ಲೂ ಹೆಚ್ಚಿನವು ಒಂದೆರಡು ನಿಮಿಷಕ್ಕಿಂತ ನಿಲ್ಲುವುದಿಲ್ಲ. ಆದರೆ ಗ್ರೈಂಡರ್ ಕಿರುಚುತ್ತದೆ, ಕಿಡಿ ಹಾರಿಸುತ್ತದೆ. ಹಾಡುಹಗಲು, ಜನ ನಡೆದಾಡುವ ಬೀದಿಯಲ್ಲಿ ಅದನ್ನು ಹೊರತೆಗೆಯಲು ವೃತ್ತಿಪರ ಕಳ್ಳನಿಗೂ ಎದೆಗಾರಿಕೆ ಬೇಕು. ಬೀಗ ಕೊಂಡುಕೊಡುವುದು ಹೊತ್ತನ್ನು ಮಾತ್ರ; ಆ ಹೊತ್ತಿನಲ್ಲಿ ನೋಡುವ ಕಣ್ಣು ಯಾವುದಾದರೂ ಇದ್ದರೆ ಕೊಟ್ಟ ದುಡ್ಡು ಸಾರ್ಥಕ. ನನ್ನ ಸೀಟು ಹೋದ ಓಣಿಯಲ್ಲಿ ಅಂಗಡಿಗಳ ಬೆನ್ನುಗಳಿದ್ದವು, ಮುಖಗಳಿರಲಿಲ್ಲ.

ಹಗಲಿನಲ್ಲಿ ಪೇಟೆಯ ನಡುವೆ ಸುಳಿಯುವವನು ಹೆಚ್ಚಾಗಿ ಕೈಗೆ ಸಿಕ್ಕಿದ್ದನ್ನು ಎತ್ತುವ ಚಿಲ್ಲರೆ ಕಳ್ಳ. ಉಪಕರಣವಿಲ್ಲದೆ ಬಿಚ್ಚಬಹುದಾದದ್ದೆಲ್ಲ ಅವನ ಪಾಲು: ದೀಪ, ಪಂಪು, ನೀರಿನ ಬಾಟಲಿ, ಪುಟ್ಟ ಲಿವರ್ ಎತ್ತಿದರೆ ಕಳಚಿಬರುವ ಸೀಟು ಮತ್ತು ಮುಂಚಕ್ರ. ಹೊಸ ಸೈಕಲ್ಲುಗಳಲ್ಲಿ ಹೀಗೆ ಲಿವರ್ ಎತ್ತಿ ಬಿಚ್ಚುವ ಏರ್ಪಾಡನ್ನು ಸೌಕರ್ಯವೆಂದು ಕೊಡುತ್ತಾರೆ. ಸೌಕರ್ಯ ಯಾರಿಗೆ ಎಂದು ಕೇಳಿಕೊಂಡು, ಅಲ್ಲಿ ಮಾಮೂಲು ನಟ್ಟು ಬೋಲ್ಟು ಹಾಕಿಸುವುದು ಒಳ್ಳೆಯದು. ಸೀಟಿಗೆ ಪಂಕ್ಚರ್ ಅಂಗಡಿಯವರು ಹೇಳಿಕೊಟ್ಟ ಉಪಾಯ ಇನ್ನೂ ಅಗ್ಗ. ಸವೆದ ಸೈಕಲ್ ಚೈನಿನ ಒಂದು ತುಂಡನ್ನು ಹಳೆಯ ಟ್ಯೂಬಿನೊಳಗೆ ತೂರಿಸಿ, ಸೀಟಿನ ಕೆಳಗಿನ ಕಂಬಿಗೂ ಫ್ರೇಮಿಗೂ ಸೇರಿಸಿ ಕೊಂಡಿ ಹಾಕಿಬಿಡುವುದು. ಚೈನ್ ಬಿಚ್ಚುವ ಉಪಕರಣವಿಲ್ಲದೆ ಅದು ಬಿಡುವುದಿಲ್ಲ.

ಸೈಕಲ್ಲನ್ನು ಯಾವುದಕ್ಕೆ ಕಟ್ಟಬೇಕು? ಇದು ಲೋಹದ ಲೆಕ್ಕ. ಶಾಲೆಗಳಲ್ಲಿ, ಹಳೆಯ ಕಚೇರಿಗಳ ಅಂಗಳದಲ್ಲಿ ಮುಂಚಕ್ರವನ್ನು ಸಿಕ್ಕಿಸುವ ಸರಳುಗಳ ಸ್ಟ್ಯಾಂಡು ನೋಡಿರುತ್ತೀರಿ. ಸಾಲಾಗಿ ಸೈಕಲ್ ನಿಂತದ್ದು ಕಾಣಲು ಚೆಂದ, ಗುತ್ತಿಗೆದಾರನಿಗೆ ಅಗ್ಗ. ನನ್ನ ದೃಷ್ಟಿಯಲ್ಲಿ ಅದಕ್ಕಿಂತ ಕೆಟ್ಟ ಸ್ಟ್ಯಾಂಡು ಇನ್ನೊಂದಿಲ್ಲ. ಚಕ್ರದ ಕಡ್ಡಿಗಳು ಮೇಲಿನಿಂದ ಬರುವ ಭಾರವನ್ನು ಆನೆಯಂತೆ ತಡೆಯುತ್ತವೆ, ಪಕ್ಕದಿಂದ ಬರುವ ಒತ್ತಡಕ್ಕೆ ಹಪ್ಪಳದಂತೆ ಬಾಗುತ್ತವೆ. ಚಕ್ರದ ಕೆಳತುದಿಯನ್ನಷ್ಟೇ ಹಿಡಿದಿಟ್ಟ ಸೈಕಲ್ಲಿಗೆ ಯಾರದೋ ಚೀಲ ತಾಗಿತು ಎನ್ನಿ, ಇಡೀ ಸೈಕಲ್ಲಿನ ತೂಕ ಆ ಒಂದು ರಿಮ್ಮಿನ ಮೇಲೆ ಅಡ್ಡಕ್ಕೆ ವಾಲುತ್ತದೆ. ಸಂಜೆ ಸೈಕಲ್ ತುಳಿಯುವಾಗ ಮುಂಚಕ್ರ ಕುಡುಕನ ಹಾಗೆ ತೂಗುತ್ತದೆ. ಬೀಗ ಹಾಕಲೂ ಅಲ್ಲಿ ಸಿಗುವುದು ಮುಂಚಕ್ರ ಮಾತ್ರ. ಚಕ್ರವನ್ನು ಅಲ್ಲಿಯೇ ಬಿಟ್ಟು ಉಳಿದ ಸೈಕಲ್ಲನ್ನು ಒಯ್ದವರ ಕತೆಗಳು ಎಲ್ಲ ಊರುಗಳಲ್ಲಿವೆ.

ಇದಕ್ಕೆ ಉತ್ತರವಾಗಿ ಇಂಗ್ಲೆಂಡಿನ ಶೆಫೀಲ್ಡ್ ನಗರದ ಹೆಸರು ಹೊತ್ತ ಒಂದು ಸ್ಟ್ಯಾಂಡಿದೆ. ಅದರಲ್ಲಿ ಏನೂ ಇಲ್ಲ, ಅದೇ ಅದರ ಹೆಚ್ಚುಗಾರಿಕೆ. ಸುಮಾರು ಐದು ಸೆಂಟಿಮೀಟರ್ ದಪ್ಪದ ಉಕ್ಕಿನ ಪೈಪನ್ನು ಕಮಾನಿನಂತೆ ಬಗ್ಗಿಸಿ ಎರಡೂ ಕಾಲುಗಳನ್ನು ನೆಲದಲ್ಲಿ ಹೂಳುವುದು. ಎತ್ತರ 75 ಸೆಂಟಿಮೀಟರ್, ಉದ್ದ 70 ಸೆಂಟಿಮೀಟರಿನಿಂದ ಒಂದು ಮೀಟರ್. ಸೈಕಲ್ ಅದಕ್ಕೆ ಮೈಯೊರಗಿಸಿ ನಿಲ್ಲುತ್ತದೆ; ಭಾರ ಫ್ರೇಮಿನ ಮೇಲೆ, ರಿಮ್ಮಿನ ಮೇಲಲ್ಲ. ಒಂದು ಬೀಗ ಫ್ರೇಮನ್ನೂ ಹಿಂಚಕ್ರವನ್ನೂ ಕಮಾನಿಗೆ ಬಿಗಿಯುತ್ತದೆ, ಇನ್ನೊಂದು ಮುಂಚಕ್ರವನ್ನು. ಎಡಕ್ಕೊಂದು ಬಲಕ್ಕೊಂದು, ಒಂದು ಕಮಾನಿಗೆ ಎರಡು ಸೈಕಲ್. ಮಕ್ಕಳ ಸೈಕಲ್, ಹಾಲಿನ ಕ್ಯಾನು ನೇತುಹಾಕಿದ ಸೈಕಲ್, ದಪ್ಪ ಟೈರಿನ ಸೈಕಲ್ ಎಲ್ಲಕ್ಕೂ ಒಗ್ಗುತ್ತದೆ.

ಅಳತೆ ತಪ್ಪಿದರೆ ಮಾತ್ರ ಕೆಟ್ಟಿತು. ಕಮಾನಿನಿಂದ ಕಮಾನಿಗೆ ಒಂದು ಮೀಟರ್ ಇರಬೇಕು. ಇಲ್ಲದಿದ್ದರೆ ಹ್ಯಾಂಡಲ್ಲಿಗೆ ಹ್ಯಾಂಡಲ್ ಸಿಕ್ಕಿಕೊಂಡು ಎರಡರ ಜಾಗದಲ್ಲಿ ಒಂದೇ ನಿಲ್ಲುತ್ತದೆ. ಗೋಡೆಯಿಂದ ಅರವತ್ತು ಸೆಂಟಿಮೀಟರಾದರೂ ಬಿಡಬೇಕು. ನೆಲಕ್ಕೆ ಬರಿಯ ಬೋಲ್ಟು ಹೊಡೆದು ನಿಲ್ಲಿಸಿದ ಕಮಾನನ್ನು ಪಾನಾ ಹಿಡಿದವನು ಬಿಚ್ಚಿಬಿಡುತ್ತಾನೆ. ಕಾಂಕ್ರೀಟಿನೊಳಗೆ ಇಳಿಸಿ, ನೆಲದಡಿಯಲ್ಲಿ ಕಾಲಿಗೆ ಒಂದು ಅಡ್ಡಪಟ್ಟಿ ಬೆಸೆದಿದ್ದರೆ ಎಳೆದು ಕೀಳಲಾಗುವುದಿಲ್ಲ. ಪೈಪನ್ನು ಮೊದಲೇ ಕೊಯ್ದು ಅದರ ಮೇಲೆ ಟೇಪು ಸುತ್ತಿ ಗಿರಾಕಿಗಾಗಿ ಕಾಯುವ ಕಳ್ಳರು ಹೊರದೇಶಗಳಲ್ಲಿದ್ದಾರೆ. ಕಟ್ಟುವ ಮುನ್ನ ಕಮಾನನ್ನು ಒಮ್ಮೆ ಅಲುಗಾಡಿಸಿ ನೋಡುವ ಅಭ್ಯಾಸ ಒಳ್ಳೆಯದು.

ಪುಣೆಯಲ್ಲಿ ಕಮಾನು ಸಿಗದವರು ಸಿಕ್ಕಿದ್ದಕ್ಕೆ ಕಟ್ಟುತ್ತಾರೆ: ಗಿಡದ ಸುತ್ತಲಿನ ಕಬ್ಬಿಣದ ಪಂಜರ, ಪಾದಚಾರಿ ಮಾರ್ಗದ ಸರಳು, ಮೋಟಾರು ಹತ್ತದಂತೆ ನೆಟ್ಟ ಗಿಡ್ಡ ಕಂಬ. ಗಿಡ್ಡ ಕಂಬಕ್ಕೆ ಕಟ್ಟಿದ ಸೈಕಲ್ಲನ್ನು ಸರಪಳಿಯ ಸಮೇತ ಮೇಲಕ್ಕೆತ್ತಿದರೆ ಬಳೆ ಕಳಚಿದಂತೆ ಕಳಚಿಬರುತ್ತದೆ. ಮನೆಯ ಗೇಟಿಗೆ ಕಟ್ಟುವ ಧೈರ್ಯ ಈ ಊರಿನಲ್ಲಿ ಯಾರಿಗೂ ಇಲ್ಲ. ಪುಣೆಯ ಫಲಕಗಳು ಮಹಾರಾಷ್ಟ್ರದಲ್ಲೆಲ್ಲ ಹೆಸರಾದವು. ‘ಗೇಟಿನ ಮುಂದೆ ಗಾಡಿ ನಿಲ್ಲಿಸಿದರೆ ಗಾಳಿ ತೆಗೆಯಲಾಗುವುದು’ ಎಂಬುದು ಅವುಗಳಲ್ಲಿ ಬಹಳ ಸೌಮ್ಯವಾದದ್ದು.

ಕಣ್ಣಿನ ಮಾತಿಗೆ ಮರಳುತ್ತೇನೆ. ಸೀಟು ಹೋದ ಮೇಲೆ ನಾನು ಓಣಿ ಬಿಟ್ಟು ಲಕ್ಷ್ಮಿ ರಸ್ತೆಯ ಒಂದು ಬಟ್ಟೆ ಅಂಗಡಿಯ ಪಕ್ಕ ನಿಲ್ಲಿಸತೊಡಗಿದೆ. ಒಂದು ದಿನ ಫೋನಿನಲ್ಲಿ ಕನ್ನಡ ಮಾತಾಡುತ್ತಿದ್ದುದನ್ನು ಕೇಳಿದ ಅಂಗಡಿಯ ಕಾವಲುಗಾರರು, ‘ಯಾವ ಊರು ಸರ್ ತಮ್ಮದು?’ ಎಂದರು. ನನ್ನದು ಧಾರವಾಡ, ಅವರದು ಅಫಜಲಪುರದ ಕಡೆ. ಅಲ್ಲಿಂದಾಚೆಗೆ ನನ್ನ ಸೈಕಲ್ಲಿಗೆ ಕಾವಲು ಪುಕ್ಕಟೆ. ‘ಹೋಗಿ ಬನ್ನಿ ಸರ್, ನಾನಿದ್ದೇನೆ’ ಎಂದಾಗ ನನಗೆ ಬೀಗ ಹಾಕಲೂ ಸಂಕೋಚವಾಗುತ್ತದೆ, ಆದರೂ ಹಾಕುತ್ತೇನೆ. ಪರ್ವತಿ ಗುಡ್ಡದ ಬುಡದಿಂದ ಅವರೂ ಸೈಕಲ್ಲಿನಲ್ಲೇ ಬರುತ್ತಾರೆಂದು ಗೊತ್ತಾಗಲು ಎರಡು ತಿಂಗಳು ಬೇಕಾಯಿತು. ಗಿರಾಕಿಗಳ ಮುಂದೆ ಅಂದಗೆಡುತ್ತದೆಂದು ಮಾಲೀಕರು ಅದನ್ನು ಅಂಗಡಿಯೆದುರು ನಿಲ್ಲಿಸಗೊಡುವುದಿಲ್ಲ. ಹಿಂದಿನ ಓಣಿಯಲ್ಲಿ, ನನ್ನ ಸೀಟು ಹೋದ ಗೋಡೆಗೇ ಅದು ದಿನವಿಡೀ ಒರಗಿರುತ್ತದೆ. ಊರವರ ಗಾಡಿಗಳೆಲ್ಲ ಅವರ ಕಣ್ಣಳತೆಯಲ್ಲಿವೆ, ಅವರ ಸೈಕಲ್ ಮಾತ್ರ ಇಲ್ಲ.

ಕ್ಯಾಮೆರಾ ಹಾಕಿದರೆ ಸಾಲದೇ ಎಂದು ಕೇಳುವವರಿದ್ದಾರೆ. ಕ್ಯಾಮೆರಾ ಕಳವನ್ನು ನಿಲ್ಲಿಸುವುದಿಲ್ಲ, ಬರೆದಿಡುತ್ತದೆ. ಟೋಪಿ ಹಾಕಿದ ಒಂದು ತಲೆ ಸೈಕಲ್ಲನ್ನು ತಳ್ಳಿಕೊಂಡು ಹೋಗುವ ಹನ್ನೆರಡು ಸೆಕೆಂಡಿನ ಚಿತ್ರದಿಂದ ಯಾರಿಗೂ ಸೈಕಲ್ ಮರಳುವುದಿಲ್ಲ. ಹೂವು ಮಾರುವವಳು, ಚಹಾ ಗಾಡಿಯವನು, ಚಪ್ಪಲಿ ಹೊಲಿಯುವವನು ‘ಏಯ್’ ಎಂದು ಕೂಗಬಲ್ಲರು. ಕಮಾನುಗಳನ್ನು ಅವರ ಪಕ್ಕ ನೆಡಬೇಕು. ಕಟ್ಟಡದ ಹಿಂಬದಿಯಲ್ಲಿ, ಕಸದ ತೊಟ್ಟಿಯ ಪಕ್ಕದಲ್ಲಲ್ಲ.

ಇದಕ್ಕಿಂತ ಗಟ್ಟಿಯಾದ ಕಾವಲು ನಮ್ಮ ಊರುಗಳಲ್ಲಿ ಒಂದು ಕಾಲಕ್ಕೆ ಇತ್ತು, ಅದನ್ನು ಯಾರೂ ವಿದೇಶದಿಂದ ತಂದಿರಲಿಲ್ಲ. ಸಿನಿಮಾ ಟಾಕೀಸಿನ ಸೈಕಲ್ ಸ್ಟ್ಯಾಂಡು. ಬಾಗಿಲಲ್ಲಿ ಒಬ್ಬ, ಅವನ ಕೈಯಲ್ಲಿ ತಗಡಿನ ಬಿಲ್ಲೆಗಳ ಗೊಂಚಲು. ಒಂದೇ ಸಂಖ್ಯೆಯ ಎರಡು ಬಿಲ್ಲೆ. ಒಂದು ಹ್ಯಾಂಡಲ್ಲಿಗೆ, ಇನ್ನೊಂದು ನಮ್ಮ ಕೈಗೆ. ಆಟ ಬಿಟ್ಟಾಗ ಇನ್ನೂರು ಜನ ಒಟ್ಟಿಗೆ ಮುಗಿಬಿದ್ದರೂ ಬಿಲ್ಲೆ ಹೊಂದದೆ ಸೈಕಲ್ ಹೊರಗೆ ಹೋಗುತ್ತಿರಲಿಲ್ಲ. ಬಿಲ್ಲೆ ಕಳೆದುಕೊಂಡವನು ಕೊನೆಯ ಸೈಕಲ್ ಹೋಗುವವರೆಗೆ ನಿಂತು, ಉಳಿದದ್ದು ತನ್ನದೇ ಎಂದು ಸಾಬೀತು ಮಾಡಬೇಕು.

ಆ ತಗಡಿನ ತುಂಡಿಗೆ ಕಾನೂನಿನಲ್ಲೂ ತೂಕವಿದೆ. ಒಬ್ಬರು ತಮ್ಮ ವಸ್ತುವನ್ನು ಒಂದು ಉದ್ದೇಶಕ್ಕಾಗಿ, ಮರಳಿಸಬೇಕೆಂಬ ಕರಾರಿನ ಮೇಲೆ ಇನ್ನೊಬ್ಬರ ವಶಕ್ಕೆ ಕೊಡುವುದನ್ನು 1872ರ ಭಾರತೀಯ ಕರಾರು ಅಧಿನಿಯಮದ 148ನೆಯ ಕಲಮು ವಿವರಿಸುತ್ತದೆ. ಹಾಗೆ ವಶಕ್ಕೆ ತೆಗೆದುಕೊಂಡವನು ಸಾಮಾನ್ಯ ವಿವೇಕವುಳ್ಳ ಮನುಷ್ಯ ತನ್ನದೇ ವಸ್ತುವಿನ ಬಗ್ಗೆ ವಹಿಸುವಷ್ಟು ಎಚ್ಚರ ವಹಿಸಬೇಕೆಂದು 151ನೆಯ ಕಲಮು ಹೇಳುತ್ತದೆ. ಮುಖ್ಯವಾದ ಮಾತು ‘ವಶ’. ಬೀದಿಯ ಕಮಾನಿಗೆ ನಾನೇ ಕಟ್ಟಿ ನಾನೇ ಬಿಚ್ಚಿಕೊಂಡರೆ ನನ್ನ ಸೈಕಲ್ ಯಾರ ವಶಕ್ಕೂ ಹೋಗಿಲ್ಲ. ಕಳುವಾದರೆ ಪಾಲಿಕೆಯನ್ನು ಕೇಳುವಂತಿಲ್ಲ. ಬಿಲ್ಲೆ ಕೊಟ್ಟು, ಬಿಲ್ಲೆ ನೋಡಿ ಹೊರಬಿಡುವ ಸ್ಟ್ಯಾಂಡಿನ ಕತೆ ಬೇರೆ. ‘ವಾಹನಗಳಿಗೆ ಮಾಲೀಕರೇ ಜವಾಬ್ದಾರರು’ ಎಂಬ ಫಲಕ ತೂಗುಹಾಕಿದ ಮಾತ್ರಕ್ಕೆ ಹೊಣೆ ಜಾರುವುದಿಲ್ಲ. ದೆಹಲಿಯ ತಾಜ್ ಮಹಲ್ ಹೋಟೆಲಿನಲ್ಲಿ 1998ರಲ್ಲಿ ಕಳುವಾದ ಒಂದು ಕಾರಿನ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು 2019ರ ನವೆಂಬರಿನಲ್ಲಿ ಇದನ್ನು ಸ್ಪಷ್ಟಪಡಿಸಿತು. ಸಿಬ್ಬಂದಿಗೆ ಕೀಲಿ ಒಪ್ಪಿಸಿ ಕಾರು ವಶಕ್ಕೆ ಕೊಟ್ಟ ಮೇಲೆ, ಹೋಟೆಲಿನ ಅಲಕ್ಷ್ಯ ಕಂಡುಬಂದರೆ, ಚೀಟಿಯಲ್ಲಿ ಅಚ್ಚಾದ ‘ಮಾಲೀಕರದೇ ಹೊಣೆ’ ಎಂಬ ವಾಕ್ಯ ಅದನ್ನು ಕಾಪಾಡುವುದಿಲ್ಲ ಎಂದಿತು. ಅದು ಕಾರಿನ ವಿಷಯ. ಕರಾರು ಕಾಯಿದೆಗೆ ಕಾರು ಸೈಕಲ್ ಎಂಬ ಭೇದವಿಲ್ಲ.

ಹಾಗಾದರೆ ಎಲ್ಲೆಡೆ ಬಿಲ್ಲೆಯ ಸ್ಟ್ಯಾಂಡು ಮಾಡಬಾರದೇಕೆ? ಸಂಬಳ. ಒಬ್ಬ ಕಾವಲುಗಾರನಿಗೆ ದಿನಕ್ಕೆ ಸಾವಿರ ರೂಪಾಯಿ ಖರ್ಚು ಬರುತ್ತದೆಂದು ಇಟ್ಟುಕೊಳ್ಳೋಣ. ಸೈಕಲ್ಲಿಗೆ ಐದು ರೂಪಾಯಿಯಂತೆ ದಿನಕ್ಕೆ ಇನ್ನೂರು ಸೈಕಲ್ ಬರಬೇಕು, ಎರಡು ಪಾಳಿಯಾದರೆ ನಾನೂರು. 1886ರಿಂದ ನಿಂತಿರುವ ಮಂಡೈ ಎಂಬ ತರಕಾರಿ ಮಾರುಕಟ್ಟೆಯ ಸುತ್ತ, ಸ್ವಾರಗೇಟಿನಲ್ಲಿ, ರೈಲ್ವೆ ನಿಲ್ದಾಣದಲ್ಲಿ ಇದು ಕೂಡಿಬಂದೀತು. ಪುಸ್ತಕದಂಗಡಿಗಳ ಅಪ್ಪಾ ಬಳವಂತ ಚೌಕದ ಒಂದು ತಿರುವಿನಲ್ಲಿ ಕೂಡಿಬರುವುದಿಲ್ಲ. ಅಲ್ಲಿಗೆ ಕಮಾನೇ ಸರಿ, ಅದಕ್ಕೆ ಪಗಾರವಿಲ್ಲ.

ವಾಟ್ಸಾಪಿನಲ್ಲಿ ಆಗಾಗ ಹರಿದುಬರುವ ವಿದೇಶದ ಚಿತ್ರಗಳನ್ನೂ ಇದೇ ತಕ್ಕಡಿಯಲ್ಲಿ ತೂಗಬೇಕು. ನೆದರ್‌ಲೆಂಡ್ಸಿನ ಯುಟ್ರೆಕ್ಟ್ ರೈಲು ನಿಲ್ದಾಣದ ಕೆಳಗೆ ಸುಮಾರು 12,500 ಸೈಕಲ್ ನಿಲ್ಲುತ್ತವೆ, ಮೊದಲ 24 ಗಂಟೆ ಬಿಟ್ಟಿ. ಆಮ್‌ಸ್ಟರ್‌ಡ್ಯಾಮಿನ ಮುಖ್ಯ ನಿಲ್ದಾಣದೆದುರು 2023ರಲ್ಲಿ ನೀರಿನಡಿಯಲ್ಲೇ 7,000 ಸೈಕಲ್ಲಿನ ನಿಲ್ದಾಣ ತೆರೆಯಿತು. ಟೋಕಿಯೊದ ಕಸಾಯಿ ನಿಲ್ದಾಣದಲ್ಲಿ (ಹೆಸರು ಕೇಳಿ ಬೆಚ್ಚಬೇಡಿ) 9,400 ಸೈಕಲ್ಲುಗಳಿಗೆ ಜಾಗ. ಅರ್ಧಕ್ಕಿಂತ ಹೆಚ್ಚನ್ನು ಯಂತ್ರವೇ ನೆಲದೊಳಗಿನ ಗೋಪುರಗಳಿಗೆ ಇಳಿಸಿ, ಕಾರ್ಡು ತೋರಿಸಿದರೆ ಮೇಲೆ ತಂದುಕೊಡುತ್ತದೆ. ನೋಡಲು ಸೊಗಸು. ಆದರೆ ಈ ಮೂರನ್ನೂ ಕಟ್ಟಿದ್ದು ರೈಲು ಹತ್ತಿ ಕೆಲಸಕ್ಕೆ ಹೋಗುವವರಿಗಾಗಿ. ಗ್ಯಾಸ್ಕೆಟ್ ಕೊಳ್ಳಲು ಬಂದವನ ಸೈಕಲ್ಲನ್ನು ಗೋಪುರಕ್ಕೆ ಇಳಿಸುವ ಅಗತ್ಯ ಜಪಾನಿನಲ್ಲೂ ಇಲ್ಲ.

ಒಂದು ಕಾಲಕ್ಕೆ ‘ಸೈಕಲ್ಲುಗಳ ನಗರ’ ಎಂದೇ ಹೆಸರಾಗಿದ್ದ ಪುಣೆ ದ್ವಿಚಕ್ರ ಮೋಟಾರುಗಳ ನಗರವಾಗಿ ದಶಕಗಳೇ ಕಳೆದಿವೆ. ಹಳೆಯ ಹೆಸರಿನ ಹಂಬಲ ಮಾತ್ರ ಹೋಗಿಲ್ಲ. 2017ರಲ್ಲಿ ಮಹಾನಗರಪಾಲಿಕೆ ಒಂದು ಸಮಗ್ರ ಸೈಕಲ್ ಯೋಜನೆಗೆ ಒಪ್ಪಿಗೆ ಕೊಟ್ಟಿತು. ಅದೇ ವರ್ಷದ ಕೊನೆಗೆ ಬಾಡಿಗೆ ಸೈಕಲ್ಲುಗಳು ಬಂದವು. ಮೊಬೈಲಿನಲ್ಲಿ ಬೀಗ ತೆರೆದು, ಎಲ್ಲಿ ಬೇಕೋ ಅಲ್ಲಿ ಬಿಟ್ಟುಹೋಗಬಹುದಾದಂಥವು. ಕೆಲವು ವರ್ಷಗಳಲ್ಲೇ ಮಾಯವಾದವು. ಕಾರಣಗಳು ಹಲವು, ಆದರೆ ಕಣ್ಣಿಗೆ ಕಂಡದ್ದು ಒಂದು. ಎಲ್ಲಿ ಬೇಕೋ ಅಲ್ಲಿ ಬಿಡಬಹುದಾದ ಸೈಕಲ್ ಯಾರ ಕಣ್ಣಿನ ಕೆಳಗೂ ಇರಲಿಲ್ಲ. ಸೀಟಿಲ್ಲದವು, ಚಕ್ರವಿಲ್ಲದವು ಅಲ್ಲಲ್ಲಿ ಬಿದ್ದಿರುತ್ತಿದ್ದವು. ನಿಲ್ಲುವ ಜಾಗ ಮಾಡದೆ ಸೈಕಲ್ ತಂದ ಹಾಗಾಯಿತು, ಕೊಟ್ಟಿಗೆ ಕಟ್ಟದೆ ಹಸು ತಂದ ಹಾಗೆ. ಜಂಗಲಿ ಮಹಾರಾಜ ರಸ್ತೆಯಂತಹ ಕಡೆ ಅಗಲವಾದ ಕಾಲುದಾರಿ, ಸೈಕಲ್ ದಾರಿ ಎರಡೂ ಇವೆ. ಆದರೆ ಬಣ್ಣ ಬಳಿದ ದಾರಿ ತಲುಪಿಸಿದ ಮೇಲೆ ಇಳಿದು ಏನು ಮಾಡಬೇಕೆಂದು ದಾರಿ ಹೇಳುವುದಿಲ್ಲ.

ಜಾಗ ಎಲ್ಲಿದೆ ಎಂದು ಕೇಳುವವರಿಗೆ ಉತ್ತರ ರಸ್ತೆಯಂಚಿನಲ್ಲೇ ನಿಂತಿದೆ. ಒಂದು ಕಾರಿಗೆ ಎರಡೂವರೆ ಮೀಟರ್ ಅಗಲ, ಐದು ಮೀಟರ್ ಉದ್ದ ಬೇಕು. ಅಷ್ಟರಲ್ಲಿ ಐದು ಕಮಾನು, ಹತ್ತು ಸೈಕಲ್. ಕಮಾನುಗಳನ್ನು ಕಾಲುದಾರಿಯ ಮೇಲೆ ನೆಡುವುದು ಅನ್ಯಾಯ. ನಡೆಯುವವರ ಜಾಗವನ್ನು ಕಸಿದು ತುಳಿಯುವವರಿಗೆ ಕೊಟ್ಟಂತೆ. ಒಂದು ಕಾರು ಸರಿಯಲಿ. ಆದರೆ ಪುಣೆಯಲ್ಲಿ ಕಾರು ಸರಿಸುವುದು ರಾಜಕೀಯ. ರಸ್ತೆಬದಿಯ ನಿಲುಗಡೆಗೆ ಶುಲ್ಕ ವಿಧಿಸುವ ನೀತಿ 2018ರಲ್ಲಿ ಬಂದಾಗ ಎದ್ದ ಗದ್ದಲ ಇಲ್ಲಿನವರಿಗೆ ನೆನಪಿದೆ. ಸಮ ದಿನಾಂಕಕ್ಕೆ ರಸ್ತೆಯ ಒಂದು ಬದಿ, ಬೆಸ ದಿನಾಂಕಕ್ಕೆ ಇನ್ನೊಂದು ಬದಿ ಎಂಬ ಪಿ-1, ಪಿ-2 ಪದ್ಧತಿಯೂ ಕಮಾನಿಗೆ ತೊಡಕೇ. ನೆಲದಲ್ಲಿ ಹೂತ ಕಬ್ಬಿಣಕ್ಕೆ ತಾರೀಖು ತಿಳಿಯುವುದಿಲ್ಲ. ಅಂಥ ಬೀದಿಗಳಲ್ಲಿ ಗಾಡಿ ನಿಲ್ಲಿಸಲು ಹೇಗೂ ಬಿಡದ ಮೂಲೆಗಳನ್ನು ಹುಡುಕಬೇಕು.

ಯುರೋಪಿನ ಕೈಪಿಡಿಗಳು ಅಷ್ಟಾಗಿ ತಲೆಕೆಡಿಸಿಕೊಳ್ಳದ ಒಂದು ತಲೆನೋವು ನಮ್ಮಲ್ಲಿದೆ: ಸ್ಕೂಟರು. ಒಂದು ಮೀಟರ್ ಅಂತರದ ಕಮಾನುಗಳ ನಡುವೆ ಸ್ಕೂಟರ್ ಅಳೆದು ಹೊಲಿಸಿದಂತೆ ಕೂರುತ್ತದೆ. ‘ಸೈಕಲ್ಲುಗಳಿಗೆ ಮಾತ್ರ’ ಎಂಬ ಫಲಕವನ್ನು ನಾವು ಕಾವ್ಯವಾಗಿ ಓದುತ್ತೇವೆ, ಕಾನೂನಾಗಿ ಅಲ್ಲ. ಮೆಟ್ಟಿಲೆತ್ತರದ ಕಟ್ಟೆ ಮಾಡಿದರೆ ಸ್ಕೂಟರನ್ನೂ ಹತ್ತಿಸುತ್ತಾರೆ. ಅಂತರ ಕುಗ್ಗಿಸಿದರೆ ಸೈಕಲ್ಲಿಗೇ ಕಷ್ಟ. ದಂಡ ಹಾಕಬಹುದು, ಎಷ್ಟು ದಿನ? ತುಳಸಿಬಾಗಿನಂತಹ, ಮೋಟಾರು ನುಗ್ಗಲಾಗದ ಕಿರಿದಾದ ಓಣಿಗಳ ಬಾಯಲ್ಲಿ, ಮೋಟಾರು ತಡೆಯುವ ಗಿಡ್ಡ ಕಂಬಗಳ ಒಳಬದಿಗೆ ಕಮಾನು ನೆಡುವುದೊಂದೇ ನನಗೆ ಕಂಡ ನಂಬಿಕೆಯ ಉಪಾಯ. ಸೈಕಲ್ಲನ್ನು ಇಳಿದು ತಳ್ಳಿಕೊಂಡು ಎರಡು ಕಂಬಗಳ ನಡುವೆ ನುಸುಳಿಸಬಹುದು, ಸ್ಕೂಟರಿಗೆ ಅದು ಬೇಸರದ ಕೆಲಸ.

ಇಷ್ಟಾದರೂ ಸೈಕಲ್ ಹೋಯಿತೆನ್ನಿ. ಮೋಟಾರಿಗೆ ನೋಂದಣಿ ಸಂಖ್ಯೆಯಿದೆ, ಸೈಕಲ್ಲಿಗೆ ಇಲ್ಲ. ಹಿಂದೆ ನಮ್ಮ ನಗರಸಭೆಗಳು ಸೈಕಲ್ಲಿಗೂ ತೆರಿಗೆ ಕಟ್ಟಿಸಿಕೊಂಡು ಹಿತ್ತಾಳೆ ಬಿಲ್ಲೆ ಕೊಡುತ್ತಿದ್ದವು. ತೆರಿಗೆ ಹೋದದ್ದು ಒಳ್ಳೆಯದೇ, ಗುರುತೂ ಅದರ ಜೊತೆ ಹೋಯಿತು. ಉಳಿದಿರುವುದು ಫ್ರೇಮ್ ಸಂಖ್ಯೆ. ಸೈಕಲ್ಲನ್ನು ತಲೆಕೆಳಗು ಮಾಡಿದರೆ ಪೆಡಲುಗಳ ಅಚ್ಚು ಕೂರುವ ಕೊಳವೆಯ ತಳದಲ್ಲಿ ಸಾಮಾನ್ಯವಾಗಿ ಕೊರೆದಿರುತ್ತದೆ. ಇಂದೇ ಅದರ ಫೋಟೊ ತೆಗೆದಿಡಿ, ಕೊಂಡ ರಸೀದಿಯನ್ನೂ ಜೊತೆಗಿಡಿ. ರಸೀದಿಗೆ ಈಗ ಹೊಸ ಮಹತ್ವ ಬಂದಿದೆ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 303ನೆಯ ಕಲಮಿನ ಪ್ರಕಾರ, 5,000 ರೂಪಾಯಿಗಿಂತ ಕಡಿಮೆ ಬೆಲೆಯ ಮಾಲು ಕದ್ದು ಮೊದಲ ಸಲ ಅಪರಾಧಿಯೆನಿಸಿದವನು ಅದನ್ನೋ ಅದರ ಬೆಲೆಯನ್ನೋ ಮರಳಿಸಿದರೆ ಸಮುದಾಯ ಸೇವೆಯೇ ಶಿಕ್ಷೆ. ಸೀಟು ಕದ್ದವನನ್ನು ಜೈಲಿಗಟ್ಟಬೇಕೆಂಬ ಆಸೆ ನನಗೂ ಇಲ್ಲ. ಆದರೆ ಕೂಲಿಗೆ ಹೋಗುವವರ ಹಳೆಯ ಸೈಕಲ್ಲುಗಳೆಲ್ಲ ಈ ಐದು ಸಾವಿರದ ಗೆರೆಯ ಕೆಳಗೇ ಬರುತ್ತವೆ. ಅದೊಂದೇ ಅವರ ವಾಹನ ಎಂಬುದಕ್ಕೆ ಕಲಮಿನಲ್ಲಿ ಬೆಲೆ ಕಟ್ಟಿಲ್ಲ.

ಪುಣೆ ಪಾಲಿಕೆಯಲ್ಲಿ 2006ರಿಂದ ಒಂದು ಒಳ್ಳೆಯ ಪದ್ಧತಿಯಿದೆ. ಮುಂದಿನ ಬಜೆಟ್ಟಿನಲ್ಲಿ ತಮ್ಮ ಬಡಾವಣೆಗೆ ಯಾವ ಸಣ್ಣ ಕೆಲಸ ಆಗಬೇಕೆಂದು ನಾಗರಿಕರೇ ಕ್ಷೇತ್ರೀಯ ಕಚೇರಿಗೆ ಅರ್ಜಿ ಕೊಡಬಹುದು. ಈ ಸಲ ನಾನೂ ಒಂದು ನಮೂನೆ ತುಂಬಿದೆ. ಐದು ಕಮಾನು, ನಡುವೆ ಒಂದು ಮೀಟರ್ ಅಂತರ, ಕಾಂಕ್ರೀಟಿನಲ್ಲಿ ಹೂತದ್ದು, ಸ್ಥಳ ಬಟ್ಟೆ ಅಂಗಡಿಯ ಮಗ್ಗುಲು. ಅದನ್ನು ಕಾವಲುಗಾರರಿಗೆ ಓದಿಹೇಳಿದೆ. ಅವರು ಒಂದೇ ಪ್ರಶ್ನೆ ಕೇಳಿದರು.

‘ಅಲ್ಲಿ ನಮ್ಮ ಸೈಕಲ್ಲನ್ನೂ ಕಟ್ಟಬಹುದೇ ಸರ್?’

ನನ್ನದೇ ಲೆಕ್ಕದ ಪ್ರಕಾರ ಕಟ್ಟುವಂತಿಲ್ಲ. ಅವರದು ಹನ್ನೊಂದು ಗಂಟೆಯ ಸೈಕಲ್. ಬಾಗಿಲ ಮುಂದಿನ ಜಾಗ ಬೇಗ ಬಂದು ಹೋಗುವವರದು, ಒಂದು ಜಾಗ ಹೋದರೆ ದಿನಕ್ಕೆ ಹದಿಮೂರು ಮಂದಿಗೆ ನಷ್ಟ. ಇದನ್ನೆಲ್ಲ ಅವರಿಗೆ ವಿವರಿಸಲು ಬಾಯಿ ತೆರೆದೆ. ಆಮೇಲೆ ಪೆನ್ನು ತೆಗೆದು, ಐದು ಎಂದಿದ್ದುದನ್ನು ಹೊಡೆದು ಆರು ಎಂದು ಬರೆದೆ.